ಆರು ಚಾಪೆಯ ಕೋಣೆ

ಸೋಫಾ ಎತ್ತಿ ಪಕ್ಕಕ್ಕಿಟ್ಟಾಗ ಅದರ ಕೆಳಗೆ ನಾಲ್ಕು ಗುಳಿ ಕಂಡವು. ಒಂದೊಂದೂ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಅಲ್ಲೆಲ್ಲ ಚಾಪೆಯ ಹುಲ್ಲು ನಲುಗಿ ಒಳಗೆ ಕುಸಿದಿತ್ತು. ಹತ್ತು ತಿಂಗಳು ನಾವು ಮೂವರೂ ಅದರ ಮೇಲೆ ಕೂತು ಟೀವಿ ನೋಡಿದ್ದೆವು. ಕೆಳಗೆ ಹೀಗಾಗುತ್ತಿದೆ ಅಂತ ಗೊತ್ತೇ ಇರಲಿಲ್ಲ. ಬೆರಳಿಟ್ಟು ನೋಡಿದೆ. ಬೇರೆಯವರ ಮನೆಯ ನೆಲ ಅದು. ತುಂಬಾ ಬೇಜಾರಾಯಿತು.

ನಾವಿರುವುದು ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ. 2000ದ ಆಸುಪಾಸಿನಿಂದ ಭಾರತದ ಸಾಫ್ಟ್‌ವೇರ್ ಜನ ಬಂದು ನೆಲೆಸಿರುವ ಜಾಗ ಇದು. ತೋಜಾಯ್ ಮೆಟ್ರೊ ಹತ್ತಿದರೆ ಓತೆಮಾಚಿಯ ಕಚೇರಿಗಳಿಗೆ ನೇರ ದಾರಿ. ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ನಮ್ಮದು ಹಳೆಯ ಅಪಾರ್ಟ್‌ಮೆಂಟ್. ಹೊಸ ಕಟ್ಟಡಗಳಲ್ಲಿ ಎಲ್ಲ ಕೋಣೆಗೂ ಮರದ ನೆಲ ಇರುತ್ತದೆ. ನಮ್ಮಲ್ಲಿ ಮಾತ್ರ ಒಂದು ಕೋಣೆಗೆ ತತಾಮಿ ಚಾಪೆಯ ನೆಲ, ಬಾಲ್ಕನಿ ಕಡೆಗೆ ಕಾಗದ ಅಂಟಿಸಿದ ಮರದ ಜಾರುಬಾಗಿಲು, ಪಕ್ಕದಲ್ಲಿ ಹಾಸಿಗೆ ಇಡುವ ಗೂಡು. ಇಂಥ ಕೋಣೆಗೆ ಇಲ್ಲಿ ವಾಶಿತ್ಸು ಅನ್ನುತ್ತಾರೆ. ಬಾಡಿಗೆ ಕಡಿಮೆ ಅಂತ ಹಿಡಿದ ಮನೆ. ಆ ಕೋಣೆಯೇ ಮನೆಯ ಚಂದ ಅಂತ ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲ ಹತ್ತು ತಿಂಗಳು ನಾನು ಆ ಕೋಣೆಯನ್ನು ‘ಜಪಾನಿ ಥರ’ ಮಾಡಲು ಹೊರಟಿದ್ದೆ. ಕೆಂಪು ಕಾಗದದ ಲಾಂದ್ರ ತಂದೆ. ಗೋಡೆಗೆ ದೊಡ್ಡ ಬೀಸಣಿಗೆ, ಫುಜಿ ಪರ್ವತದ ಚಿತ್ರ. ಮೂಲೆಯಲ್ಲಿ ಬಿದಿರಿನ ಮಡಚುವ ಪರದೆ. ಪ್ಲಾಸ್ಟಿಕ್ಕಿನ ಚೆರಿ ಹೂವಿನ ಕೊಂಬೆ. ಮಧ್ಯದಲ್ಲಿ ಆ ಸೋಫಾ. ಇವರ ಸಹೋದ್ಯೋಗಿಯೊಬ್ಬರು ಥಾಯ್ಲೆಂಡಿನಿಂದ ತಂದುಕೊಟ್ಟ ಬುದ್ಧನ ತಲೆ ಟೀವಿ ಪಕ್ಕ. ಒಂದೊಂದೂ ಅಂಗಡಿಯಲ್ಲಿ ಚೆನ್ನಾಗಿಯೇ ಕಂಡಿತ್ತು. ಕೋಣೆಯಲ್ಲಿ ಸೇರಿದಾಗ ಕಾಲಿಡಲು ಜಾಗ ಇರಲಿಲ್ಲ, ಕಣ್ಣಿಗೆ ನೆಮ್ಮದಿಯೂ ಇರಲಿಲ್ಲ. ಒಂದು ಊಟದ ಹೋಟೆಲಿನ ಮುಂಭಾಗದ ಹಾಗಿತ್ತು.

ಬುದ್ಧನ ತಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ಬ್ಯಾಂಕಾಕಿಗೆ ಹೋದಾಗ ರಸ್ತೆ ಪಕ್ಕ ದೊಡ್ಡ ಫಲಕ ನೋಡಿದೆ. ಬುದ್ಧನನ್ನು ಅಲಂಕಾರಕ್ಕೆ ಬಳಸಬೇಡಿ, ಅದು ಅಗೌರವ ಅಂತ ಬರೆದಿತ್ತು. ಓದಿ ಸುಮ್ನೆ ನಿಂತುಬಿಟ್ಟೆ. ನಾವು ಗಣಪತಿಯ ತಲೆ ಮಾತ್ರ ತಂದು ಟೀವಿ ಪಕ್ಕ ಇಡುತ್ತೇವಾ? ‘ಏಷ್ಯಾ ಶೈಲಿ’ ಅಂತ ಅಂಗಡಿಗಳಲ್ಲಿ ಒಂದೇ ರಾಶಿಯಲ್ಲಿ ಮಾರುವ ಸಾಮಾನುಗಳಲ್ಲಿ ಯಾವುದು ಯಾರ ದೇವರು, ಯಾವುದು ಯಾರ ಮನೆಯ ಪಾತ್ರೆ ಅಂತ ಕೇಳಿಕೊಳ್ಳಲೇಬೇಕು. ಮನೆಗೆ ಬಂದವಳೇ ಆ ಮೂರ್ತಿಯನ್ನು ಒರೆಸಿ ನಮ್ಮ ದೇವರ ಗೂಡಿನಲ್ಲಿ ಎತ್ತರಕ್ಕೆ ಇಟ್ಟೆ. ದೀಪ ಹಚ್ಚುವಾಗ ಅವನಿಗೂ ಒಂದು ಹೂವು.

ಗುಳಿ ಕಂಡ ದಿನ ಮತ್ತೊಂದು ಸಂಗತಿಯೂ ಆಯಿತು. ಸೋಫಾ ಪಕ್ಕದ ಕೋಣೆಗೆ ಹೋದ ಮೇಲೆ ನಾನು ನೆಲದ ಮೇಲೆ ಕೂತೆ. ಆ ಮನೆಯಲ್ಲಿ ಅದೇ ಮೊದಲ ಸಲ. ಕೂತ ಕೂಡಲೇ ಕೋಣೆ ದೊಡ್ಡದಾಯಿತು! ಜಾರುಬಾಗಿಲಿನ ಅಡ್ಡಪಟ್ಟಿಗಳು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂದವು. ಸೂರು ಮೇಲೆ ಹೋಯಿತು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಕೂತಾಗ ಹೀಗೆಯೇ ಅನ್ನಿಸುತ್ತಿತ್ತು. ಈ ಕೋಣೆಯನ್ನು ಕಟ್ಟಿದವರು ನೆಲದ ಮೇಲೆ ಕೂರುವವರಿಗಾಗಿ ಕಟ್ಟಿದ್ದರು. ನಾನು ಅದನ್ನು 40 ಸೆಂಟಿಮೀಟರ್ ಮೇಲಿಂದ ನೋಡುತ್ತಿದ್ದೆ, ಅಷ್ಟೇ. ಇನ್ನು ಏನನ್ನು ತಂದರೂ ಮೊದಲು ನೆಲಕ್ಕೆ ಕೂತು ನೋಡಿ ತರುವುದು ಅಂತ ಅವತ್ತೇ ಅಂದುಕೊಂಡೆ.

ಸೋಫಾ ಸಾಗಿಸುವುದು ಸುಲಭ ಇರಲಿಲ್ಲ. ಟೋಕಿಯೊದಲ್ಲಿ ದೊಡ್ಡ ಸಾಮಾನನ್ನು ಸುಮ್ನೆ ರಸ್ತೆಗೆ ಹಾಕುವಂತಿಲ್ಲ. ಮೊದಲೇ ದಿನ ಗೊತ್ತುಮಾಡಿಕೊಂಡು, 200 ಮತ್ತು 300 ಯೆನ್‌ನ ಚೀಟಿಗಳನ್ನು ಬೇಕಾದಷ್ಟು ಕೊಂಡು ಸಾಮಾನಿಗೆ ಅಂಟಿಸಿ, ಹೇಳಿದ ದಿನ ಬೆಳಿಗ್ಗೆ ಹೊರಗಿಡಬೇಕು. ನಮಗೆ ಆ ಪ್ರಮೇಯ ಬರಲಿಲ್ಲ. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದೆ. ಆಗಷ್ಟೇ ಹಾಸನದಿಂದ ಬಂದಿದ್ದ ದಂಪತಿ ತೆಗೆದುಕೊಂಡು ಹೋದರು. ಅವರದು ಮರದ ನೆಲ. ಸೋಫಾ ಅಲ್ಲಿ ಸುಖವಾಗಿದೆ.

ಗುಳಿಗೆ ಒದ್ದೆ ಬಟ್ಟೆ ಹಾಕಿ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಹುಲ್ಲು ಮೇಲೇಳುತ್ತದೆ ಅಂದರು ಪಕ್ಕದ ಮನೆಯ ಅಜ್ಜಿ. ಸಣ್ಣ ಗುಳಿಯಾಗಿದ್ದರೆ ಸರಿಹೋಗುತ್ತಿತ್ತು. ನಮ್ಮದು ಒಳಗಿನ ತನಕ ಕುಸಿದಿತ್ತು. ಹುಲ್ಲೂ ಹಳತಾಗಿ ಅಲ್ಲಲ್ಲಿ ಎದ್ದು, ಮಗಳ ಕಾಲ್ಚೀಲಕ್ಕೆ ಅಂಟುತ್ತಿತ್ತು. ಗುಳಿ ನಮ್ಮಿಂದ ಆದದ್ದು, ನಾವೇ ಖರ್ಚು ಹಾಕಿ ಮೇಲ್ಹಾಸು ಬದಲಿಸುತ್ತೇವೆ ಅಂತ ಮನೆ ಮಾಲೀಕರಿಗೆ ತಿಳಿಸಿದೆವು. ಅವರು ಖುಷಿಯಿಂದ ಒಪ್ಪಿದರು.

ತತಾಮಿ ಕೆಲಸದವರು ಬೆಳಿಗ್ಗೆ ಬಂದರು. ವಯಸ್ಸಾದವರು, ಜೊತೆಗೆ ಮಗ. ಚಾಪೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಒಂದೊಂದನ್ನೇ ಎತ್ತಿದರು. ತತಾಮಿ ಅಂದರೆ ನಮ್ಮ ಸುತ್ತಿಡುವ ಚಾಪೆಯ ಹಾಗಲ್ಲ. ಸುಮಾರು ಎರಡು ಇಂಚು ದಪ್ಪದ ಹಲಗೆಯಂಥದ್ದು. ಒಳಗಿನ ದಿಂಡು ಹಿಂದೆಲ್ಲ ಒತ್ತಿ ಹೊಲಿದ ಭತ್ತದ ಹುಲ್ಲಿನದು. ಈಗ ಜಾಸ್ತಿ ಕಡೆ ಮರದ ನಾರಿನ ಹಲಗೆ, ನಡುವೆ ಫೋಮ್. ನಮ್ಮದೂ ಹಾಗೆಯೇ ಇತ್ತು. ಅದರ ಮೇಲೆ ಇಗುಸಾ ಎಂಬ ಜೊಂಡಿನಂಥ ಗಿಡದಿಂದ ನೇಯ್ದ ಹಾಸು. ಉದ್ದದ ಎರಡು ಬದಿಗೂ ಬಟ್ಟೆಯ ಅಂಚು, ಅದಕ್ಕೆ ಹೆರಿ ಅನ್ನುತ್ತಾರೆ. ಹಾಸನ್ನು ಕೆಲವು ವರ್ಷದ ಮೇಲೆ ಬಿಚ್ಚಿ ಮಗುಚಿ ಹಾಕಬಹುದು. ಆಮೇಲೆ ಹಾಸು ಮಾತ್ರ ಹೊಸದು ಹಾಕಬಹುದು. ದಿಂಡೇ ಹಾಳಾದರೆ ಮಾತ್ರ ಪೂರ್ತಿ ಹೊಸ ತತಾಮಿ. ನಮ್ಮದು ಎರಡನೆಯ ಕೆಲಸ. ಕುಸಿದ ಜಾಗಕ್ಕೆ ತೆಳುವಾದ ಪದರ ತುಂಬಿ ಸಮ ಮಾಡಿಕೊಡುತ್ತೇವೆ ಅಂದರು.

ಎತ್ತುವಾಗ ಪ್ರತಿ ಚಾಪೆಯ ಅಡಿಯಲ್ಲೂ ಒಂದು ಗುರುತು ಹಾಕಿದರು. ಯಾಕೆ ಅಂತ ಕೇಳಿದೆ. ಯಾವ ಕೋಣೆಯೂ ಸರಿಯಾಗಿ ಚೌಕ ಇರುವುದಿಲ್ಲವಂತೆ. ಗೋಡೆ ಎಲ್ಲೋ ಒಂದೆರಡು ಮಿಲಿಮೀಟರ್ ಓರೆ ಇರುತ್ತದೆ, ಅದಕ್ಕೆ ತಕ್ಕಂತೆ ಚಾಪೆ ಕತ್ತರಿಸಿರುತ್ತಾರೆ. ಒಂದು ಜಾಗದ್ದು ಇನ್ನೊಂದು ಜಾಗದಲ್ಲಿ ಕೂರುವುದಿಲ್ಲ.

ಆರು ಚಾಪೆಯ ಕೋಣೆ ಅಂದರೆ ಎಲ್ಲ ಕಡೆ ಒಂದೇ ಅಳತೆ ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ, ಸಾಮಾನು ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕ್ಯೋಟೊ ಕಡೆಯ ಚಾಪೆ 191 ಸೆಂಟಿಮೀಟರ್ ಉದ್ದ. ಟೋಕಿಯೊ ಕಡೆಯದು 176. ನಮ್ಮಂಥ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ 170 ಉದ್ದ, 85 ಅಗಲ. ಹಾಗಾಗಿ ನಮ್ಮ ಆರು ಚಾಪೆ ಅಂದರೆ 3.4 ಮೀಟರ್ ಉದ್ದ, 2.55 ಮೀಟರ್ ಅಗಲ, ಅಷ್ಟೇ. ‘ಆರು ಚಾಪೆಯ ಕೋಣೆಗೆ ಸರಿ’ ಅಂತ ಅಂಗಡಿಯಲ್ಲಿ ಬರೆದದ್ದನ್ನು ನಂಬಿ ಸೋಫಾ ತಂದಿದ್ದು ನನ್ನ ತಪ್ಪು. ಟೇಪು ಹಿಡಿದು ಅಳೆಯಬೇಕಿತ್ತು.

ಸಂಜೆ ಹೊತ್ತಿಗೆ ಚಾಪೆಗಳು ವಾಪಸ್ ಬಂದವು. ತಿಳಿ ಹಸಿರು. ಕೋಣೆ ತುಂಬ ಹೊಸ ಹುಲ್ಲಿನ ವಾಸನೆ. ಗದ್ದೆ ಕೊಯ್ಲಾದ ಮೇಲೆ ಹುಲ್ಲುಬಣವೆ ಪಕ್ಕ ನಿಂತರೆ ಬರುತ್ತದಲ್ಲ, ಅದರ ಜೊತೆಗೆ ಒಂದಿಷ್ಟು ಮಣ್ಣಿನ ವಾಸನೆ. ಆ ಮಣ್ಣು ನನ್ನ ಭ್ರಮೆ ಆಗಿರಲಿಲ್ಲ. ಕೊಯ್ದ ಇಗುಸಾವನ್ನು ಜೇಡಿ ಕಲಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಾರಂತೆ, ಬಣ್ಣವೂ ಪರಿಮಳವೂ ಅದರಿಂದಲೇ. ನಾವು ಆರಿಸಿದ್ದು ಕುಮಮೊತೊದ ಹುಲ್ಲು. ಜಪಾನಿನಲ್ಲಿ ಬೆಳೆಯುವ ಇಗುಸಾದಲ್ಲಿ ಹೆಚ್ಚಿನ ಪಾಲು ಆ ಪ್ರಾಂತ್ಯದ್ದೇ. ಚೀನಾದಿಂದ ಬಂದದ್ದು ಅಗ್ಗ ಇತ್ತು. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅನ್ನಿಸಿತು.

ಹೊರಡುವಾಗ ಆ ಹಿರಿಯರು ಗುಳಿ ಬಿದ್ದಿದ್ದ ಜಾಗವನ್ನು ಅಂಗೈಯಿಂದ ಸವರಿ, “ಕಾಲಿರುವ ಸಾಮಾನು ಇಟ್ಟರೆ ಕೆಳಗೆ ಹಲಗೆ ಇಡಿ” ಅಂದರು. ಮತ್ತೇನೂ ಹೇಳಲಿಲ್ಲ.

ಅಂದಿನಿಂದ ಕೋಣೆಯನ್ನು ಒಂದು ತಿಂಗಳು ಖಾಲಿ ಬಿಟ್ಟೆ. ಬೇಕಂತಲೇ. ರಾತ್ರಿ ಹಾಸಿಗೆ ಹಾಸಿ ಮಲಗುವುದು, ಬೆಳಿಗ್ಗೆ ಮಡಿಸಿ ಗೂಡಿಗೆ ಇಡುವುದು. ಓಶಿಇರೆ ಎಂಬ ಆ ಗೂಡಿಗೆ ಎರಡು ಅಂತಸ್ತು, ಒಳಗೆ ಮಡಿಸಿದ ಹಾಸಿಗೆ ಕೂರುವಷ್ಟು ಆಳ. ಮಗಳು ಶಾಲೆಯಿಂದ ಬಂದು ಖಾಲಿ ಚಾಪೆ ಮೇಲೆ ಉರುಳಾಡುತ್ತಿದ್ದಳು. ಖಾಲಿ ಇದ್ದಾಗಲೇ ಗೊತ್ತಾಗಿದ್ದು: ಆ ಕೋಣೆಯಲ್ಲಿ ಕೆಟ್ಟದಾಗಿ ಕಾಣುತ್ತಿದ್ದದ್ದು ಒಂದೇ, ಜಾರುಬಾಗಿಲಿನ ಕಾಗದ.

ಶೋಜಿ ಅಂದರೆ ಆ ಬಾಗಿಲು. ತೆಳು ಮರದ ಪಟ್ಟಿಗಳ ಜಾಲರಿ, ಅದಕ್ಕೆ ಬಿಳಿ ಕಾಗದ. ನಮ್ಮದರ ಕಾಗದ ಚಹದ ಬಣ್ಣಕ್ಕೆ ತಿರುಗಿತ್ತು. ಮಗಳು ಬೆರಳು ತೂರಿಸಿದ ತೂತುಗಳು ಬೇರೆ. ತೂತಿಗೆ ಚೆರಿ ಹೂವಿನ ಆಕಾರದಲ್ಲಿ ಕತ್ತರಿಸಿದ ಕಾಗದದ ತುಂಡು ಅಂಟಿಸುವ ರೂಢಿ ಇಲ್ಲಿದೆ. ನಮ್ಮ ಬಾಗಿಲಿನಲ್ಲಿ ಹೂವುಗಳೇ ಹದಿನಾಲ್ಕು ಆಗಿದ್ದವು. ವರ್ಷದ ಕೊನೆಯಲ್ಲಿ ಜಪಾನಿನವರು ಮನೆಯನ್ನೆಲ್ಲ ತೊಳೆದು ಬಳಿದು ಮಾಡುತ್ತಾರೆ, ನಮ್ಮ ಹಬ್ಬದ ಮುಂಚಿನ ಹಾಗೆ. ಶೋಜಿಗೆ ಹೊಸ ಕಾಗದ ಹಾಕುವುದೂ ಆಗಲೇ. ಡಿಸೆಂಬರಿನಲ್ಲಿ ಅಂಗಡಿಗಳಲ್ಲಿ ಕಾಗದದ ಸುರುಳಿಗಳನ್ನು ಮುಂದೆಯೇ ಜೋಡಿಸಿರುತ್ತಾರೆ. 94 ಸೆಂಟಿಮೀಟರ್ ಅಗಲ, 7.2 ಮೀಟರ್ ಉದ್ದ. ಒಂದು ಬಾಗಿಲಿಗೆ 1.8 ಮೀಟರಿನಂತೆ ನಾಲ್ಕಕ್ಕೆ ಸರಿಯಾಗುತ್ತದೆ. ನಮ್ಮದೂ ನಾಲ್ಕೇ.

ಬಾಗಿಲನ್ನು ಅದು ಜಾರುವ ಮೇಲಿನ ತೋಡಿಗೆ ಎತ್ತಿ ಒತ್ತಿ, ಕೆಳಭಾಗವನ್ನು ಎಳೆದರೆ ಕಳಚಿ ಬರುತ್ತದೆ. ಮೇಲಿನ ತೋಡು ಕೆಳಗಿನದಕ್ಕಿಂತ ಆಳ ಇರುತ್ತದೆ, ಅದೇ ಉಪಾಯ. ಯಾವುದು ಎಲ್ಲಿಯದು ಅಂತ ಮೊದಲೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಬಚ್ಚಲಿಗೆ ಒಯ್ದು ಒಂದೊಂದಕ್ಕೇ ನೀರು ಹಾಕಿದೆ. ಐದು ಹತ್ತು ನಿಮಿಷ ಬಿಟ್ಟರೆ ಹಳೆಯ ಅಂಟು ಕರಗಿ ಕಾಗದ ಇಡಿಯಾಗಿ ಸುಲಿದು ಬರುತ್ತದೆ. ಬಾಳೆದಿಂಡಿನ ಸಿಪ್ಪೆ ಬರುವ ಹಾಗೆ. ಮಗಳಿಗೆ ಅದೇ ದೊಡ್ಡ ಸಂಭ್ರಮ. ತೂತು ಹಾಕಬೇಡ ಅಂತ ವರ್ಷವೆಲ್ಲ ಹೇಳಿಸಿಕೊಂಡವಳಿಗೆ ಅವತ್ತು ಪೂರ್ತಿ ಸ್ವಾತಂತ್ರ್ಯ. ಎರಡೂ ಕೈಯಿಂದ ಹರಿದಳು.

ಸುಲಿದ ಮೇಲೆ ಪಟ್ಟಿಗಳ ಮೇಲೆ ಉಳಿದ ಅಂಟನ್ನು ಪೂರ್ತಿ ಒರೆಸಬೇಕು. ಇಲ್ಲಿ ಅವಸರ ಮಾಡಬಾರದು. ಅದು ಗಂಜಿಯ ಅಂಟು. ಉಳಿದರೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಚೌಕಟ್ಟು ಸೊಟ್ಟಗಾಗುತ್ತದೆ. ನಾವು ಒಂದು ದಿನ ಪೂರ್ತಿ ಒಣಗಲು ಬಿಟ್ಟೆವು. ಆ ರಾತ್ರಿ ಬಾಗಿಲಿಲ್ಲದ ಕೋಣೆಯಲ್ಲಿ ಚಳಿ ಎಷ್ಟು ಗೊತ್ತಾ? ಅಷ್ಟು ತೆಳುವಾದ ಕಾಗದ ಗಾಜಿನ ಕಿಟಕಿಗೂ ಕೋಣೆಗೂ ನಡುವೆ ಗಾಳಿಯನ್ನು ಹಿಡಿದಿಟ್ಟು ಎಷ್ಟು ಬೆಚ್ಚಗೆ ಇಡುತ್ತಿತ್ತು ಅಂತ ಅವತ್ತೇ ಗೊತ್ತಾಯಿತು.

ಕಾಗದ ಅಂಟಿಸುವುದು ಹೊರಮುಖಕ್ಕೆ. ಕೋಣೆಯ ಒಳಗಿನಿಂದ ಮರದ ಪಟ್ಟಿಗಳು ಕಾಣಬೇಕು. ನಾನು ಮೊದಲ ಬಾಗಿಲನ್ನು ಕೆಡಿಸಿದೆ. ಅಂಟು ಹಚ್ಚಿ, ಕಾಗದ ಬಿಡಿಸಿ, ಸುಕ್ಕು ಬರಬಾರದು ಅಂತ ಬಿಗಿಯಾಗಿ ಎಳೆದೆ. ಒದ್ದೆಯಾದ ಕಾಗದ ಮೂಲೆಯಲ್ಲಿ ಪರ್ರೆಂದು ಹರಿಯಿತು. ಮತ್ತೆ ನೀರು ಹಾಕಿ ಸುಲಿದೆ. ಪಕ್ಕದ ಮನೆಯ ಅಜ್ಜಿ ಸದ್ದು ಕೇಳಿ ಬಂದರು. ಎಳೆಯಬಾರದು, ಸುಮ್ಮನೆ ಮೇಲಿಂದ ಉರುಳಿಸುತ್ತಾ ಬರಬೇಕು, ಸುಕ್ಕಿನ ಚಿಂತೆ ಆಮೇಲೆ ಅಂದರು. ಕಾಗದದ ತುದಿಯನ್ನು ಮೊದಲು ಟೇಪಿನಿಂದ ಚೌಕಟ್ಟಿಗೆ ಹಿಡಿಸಿ, ಸುರುಳಿಯನ್ನು ನಿಧಾನ ಬಿಡಿಸಿದರು. ಅಂಚು ಕತ್ತರಿಸಲು ನನ್ನ ಬ್ಲೇಡ್ ನೋಡಿ ತಲೆ ಅಲ್ಲಾಡಿಸಿ, ತಮ್ಮ ಮನೆಯಿಂದ ಹೊಸದು ತಂದರು. ಪ್ರತಿ ಬಾಗಿಲಿಗೂ ಬ್ಲೇಡಿನ ಹೊಸ ಮೊನೆ. ಮೊಂಡಾಗಿದ್ದರೆ ಒದ್ದೆ ಕಾಗದವನ್ನು ಕತ್ತರಿಸುವುದಿಲ್ಲ, ಪಿಸಿಯುತ್ತದೆ.

ಎಲ್ಲ ಮುಗಿದಾಗ ಕಾಗದ ಅಲ್ಲಲ್ಲಿ ಜೋತುಬಿದ್ದಿತ್ತು. ನನಗೆ ಅಳುವೇ ಬಂತು. ಅಂಟು ಒಣಗಿದ ಮೇಲೆ ಅಜ್ಜಿ ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ನೀರು ಸಿಂಪಡಿಸಿ ಮನೆಗೆ ಹೋಗಿಬಿಟ್ಟರು. ಒಂದು ಗಂಟೆಯ ಮೇಲೆ ಕೋಣೆಗೆ ಹೋದರೆ ಕಾಗದ ಡೋಲಿನ ಚರ್ಮದ ಹಾಗೆ ಬಿಗಿದುಕೊಂಡಿತ್ತು. ಒಂದು ಸುಕ್ಕಿಲ್ಲ. ಒಣಗುವಾಗ ತಾನೇ ಎಳೆದುಕೊಳ್ಳುತ್ತದೆ. (ಪ್ಲಾಸ್ಟಿಕ್ ಬೆರೆಸಿದ ಕಾಗದಕ್ಕೆ ಇದು ನಡೆಯುವುದಿಲ್ಲ. ಮಾಮೂಲಿ ಕಾಗದವನ್ನೇ ಕೊಳ್ಳಿ.) ಮರುದಿನ ಬೆಳಿಗ್ಗೆ ಬಾಗಿಲುಗಳನ್ನು ತೋಡಿಗೆ ಸೇರಿಸಿದಾಗ ಕೋಣೆಗೆ ಬಂದ ಬೆಳಕು ನಾನು ಆ ಮನೆಯಲ್ಲಿ ಅದುವರೆಗೆ ನೋಡಿರಲಿಲ್ಲ. ಎಲ್ಲೂ ಚುಚ್ಚುವುದಿಲ್ಲ, ಎಲ್ಲೂ ಕತ್ತಲಿಲ್ಲ. ಹಾಲಿನ ಬೆಳಕು. ಕೆಂಪು ಲಾಂದ್ರವನ್ನು ಅವತ್ತೇ ಮಡಿಸಿ ಮೇಲಿಟ್ಟೆ.

ಆಮೇಲೆ ಒಂದೊಂದಾಗಿ ಸಾಮಾನು ತಂದೆವು. ಮೊದಲು ಕೂರುವ ದಿಂಬು, ಜಾಬುತೋನ್, ಐದು. ಅದರಲ್ಲಿ ಮೂರು ಬದಿಗೆ ಹೊಲಿಗೆ, ಒಂದು ಬದಿ ಮಡಿಕೆ. ಮಡಿಕೆಯ ಬದಿ ಕೂತವರ ಮೊಣಕಾಲಿನ ಕಡೆ ಬರಬೇಕು. ಅದನ್ನು ತುಳಿಯಬಾರದು. ಚಾಪೆಯ ಬಟ್ಟೆ ಅಂಚನ್ನೂ ತುಳಿಯಬಾರದು, ಬಾಗಿಲಿನ ಹೊಸಿಲನ್ನೂ ತುಳಿಯಬಾರದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, “ಮಣೆ ತುಳೀಬೇಡ, ಹೊಸಿಲು ತುಳೀಬೇಡ ಅಂತ ನಾನು ನಿಂಗೆ ಚಿಕ್ಕಂದಿನಿಂದ ಹೇಳಿದ್ದು ಏನು ಮತ್ತೆ?” ಅಂದಳು.

ಹಳೆಯ ಸಾಮಾನಿನ ಅಂಗಡಿಯಲ್ಲಿ ಕಾಲು ಮಡಚುವ ಗುಂಡನೆಯ ಕುಳ್ಳ ಮೇಜು ಸಿಕ್ಕಿತು. ಚಾಬುದಾಯ್. ಸುಮಾರು ನೂರು ವರ್ಷದ ಹಿಂದೆ ಇದು ಮನೆಮನೆಗೆ ಬಂತು. ಅದಕ್ಕೂ ಮುಂಚೆ ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮೇಜಿನಂಥ ತಟ್ಟೆಯಲ್ಲಿ ಊಟ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿದ ಹಾಗೆ. ಗುಂಡನೆಯ ಮೇಜು ಬಂದ ಮೇಲೆ ಮನೆಯವರೆಲ್ಲ ಒಂದೇ ಸುತ್ತಿನಲ್ಲಿ ಕೂತರು. ಊಟ ಮುಗಿದರೆ ಕಾಲು ಮಡಚಿ ಗೋಡೆಗೆ ಒರಗಿಸುತ್ತೇವೆ. ಅದೇ ನೆಲದಲ್ಲಿ ಹಾಸಿಗೆ.

ಜನವರಿ 15ರಂದು ಸೆತಗಾಯಾದ ಬೊರೊಇಚಿಗೆ ಹೋದೆವು. ಬೊರೊ ಅಂದರೆ ಹಳೆ ಬಟ್ಟೆ. 1578ರಲ್ಲಿ ಶುರುವಾದ ಸಂತೆಯಂತೆ. ಈಗ ಡಿಸೆಂಬರ್ ಮತ್ತು ಜನವರಿಯಲ್ಲಿ 15, 16ನೇ ತಾರೀಖು ಮಾತ್ರ ನಡೆಯುತ್ತದೆ. ಜನಜಾತ್ರೆ. ಹಳೆ ಕಿಮೊನೊ, ಪಿಂಗಾಣಿ, ಗಡಿಯಾರ, ಕಬ್ಬಿಣದ ಕೆಟಲಿ. ಅಲ್ಲಿ ಮೂರು ಸೆಳೆಖಾನೆಯ ಒಂದು ಪುಟ್ಟ ಪೆಟ್ಟಿಗೆ ಕಂಡಿತು. ಕಿರಿ ಎಂಬ ಮರದ್ದು. ಎತ್ತಿದರೆ ಖಾಲಿ ರಟ್ಟಿನಷ್ಟು ಹಗುರ. ಮಾರುವಾತ ಮೇಲಿನ ಸೆಳೆಖಾನೆಯನ್ನು ಒಳಗೆ ತಳ್ಳಿದ. ಕೆಳಗಿನದು ತಾನಾಗಿ ಒಂದಿಷ್ಟು ಹೊರಗೆ ಬಂತು! ಸಂದಿಲ್ಲದಂತೆ ಮಾಡಿರುವುದರಿಂದ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ, ಇನ್ನೊಂದನ್ನು ನೂಕುತ್ತದೆ. ಕಿಮೊನೊ ಇಡಲು ಇಲ್ಲಿನವರು ಈ ಮರದ ಪೆಟ್ಟಿಗೆಯನ್ನೇ ನಂಬುವುದು ಇದಕ್ಕೆ. ಈಗ ಅದರಲ್ಲಿ ನನ್ನ ಅಜ್ಜಿಯ ಎರಡು ಇಳಕಲ್ ಸೀರೆ ಇವೆ.

ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮನೆ ಬಿಡುವಾಗ ದುಡ್ಡು ಕಟ್ಟಬೇಕಾಗುತ್ತದೆ. ಇಂಥ ಕೋಣೆಯ ಗೋಡೆಯಲ್ಲಿ ಬಾಗಿಲಿನ ಮೇಲ್ಮಟ್ಟಕ್ಕೆ ಸುತ್ತಲೂ ಮರದ ಪಟ್ಟಿ ಇರುತ್ತದೆ, ನಗೇಶಿ. ಅದಕ್ಕೇ ಸಿಕ್ಕಿಸುವ ಕೊಕ್ಕೆ ಸಿಗುತ್ತದೆ. ನಾವು ಒಂದೇ ಒಂದು ಕೊಕ್ಕೆ ಹಾಕಿ ಅಲ್ಲಿ ಋತುವಿಗೊಂದು ಬಟ್ಟೆಯ ಪಟ ತೂಗಿಸುತ್ತೇವೆ. ಬೀಸಣಿಗೆ, ಪ್ಲಾಸ್ಟಿಕ್ ಹೂವು ಎಲ್ಲ ಹೋದವು. ಫುಜಿ ಚಿತ್ರ ಮಗಳ ಕೋಣೆಗೆ ಹೋಯಿತು.

ಚಳಿಗೆ ಕೊತಾತ್ಸು ತಂದೆವು. ಕುಳ್ಳ ಮೇಜಿನ ಅಡಿಗೆ ಪುಟ್ಟ ಹೀಟರ್, ಸುತ್ತ ದಪ್ಪ ರಜಾಯಿ, ಅದರ ಮೇಲೆ ಹಲಗೆ. ಕಾಲು ಒಳಗೆ ಚಾಚಿ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಹಿಂದೆ ನೆಲದ ಕುಳಿಯಲ್ಲಿ ಇದ್ದಿಲು ಹಾಕುತ್ತಿದ್ದರಂತೆ. ಮಳೆಗಾಲದಲ್ಲಿ ಅಜ್ಜ ಅಗ್ಗಿಷ್ಟಿಕೆ ಮುಂದೆ ಕಂಬಳಿ ಹೊದ್ದು ಕೂರುತ್ತಿದ್ದದ್ದು ನೆನಪಾಯಿತು. ಇದು ಅಗ್ಗಿಷ್ಟಿಕೆಗೇ ಕಂಬಳಿ ಹೊದಿಸಿದ ಹಾಗೆ. ನಾಲ್ಕು ಕಾಲಿನ ಕೆಳಗೂ ಮರೆಯದೆ ಹಲಗೆ ತುಂಡು ಇಟ್ಟೆ.

ಮಾರ್ಚ್ 3 ಹೆಣ್ಣುಮಕ್ಕಳ ಹಬ್ಬ. ಪಕ್ಕದ ಮನೆಯ ಅಜ್ಜಿ ಮಗಳನ್ನೂ ನನ್ನನ್ನೂ ಕರೆದರು. ಹೋಗಿ ನೋಡಿ ಬೆರಗಾದೆ. ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು. ತುದಿಯಲ್ಲಿ ರಾಜ, ರಾಣಿ. ಕೆಳಗೆ ಸಖಿಯರು, ಹಾಡುವವರು, ಪುಟ್ಟ ಪುಟ್ಟ ಪಾತ್ರೆ. ನಮ್ಮ ದಸರಾ ಗೊಂಬೆ! ಪಟ್ಟದ ಗೊಂಬೆಯೂ ಮೇಲಿನ ಮೆಟ್ಟಿಲಿನಲ್ಲೇ. ಫೋನಿನಲ್ಲಿ ನಮ್ಮೂರಿನ ಗೊಂಬೆ ಹಬ್ಬದ ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಹಬ್ಬ ಮುಗಿದ ಕೂಡಲೇ ಗೊಂಬೆ ಎತ್ತಿಡಬೇಕು, ತಡ ಮಾಡಿದರೆ ಹೆಣ್ಣುಮಗಳ ಮದುವೆ ತಡವಾಗುತ್ತದೆ ಅನ್ನುವ ನಂಬಿಕೆ ಇದೆಯಂತೆ. ಮರುದಿನ ಎತ್ತಿಡಲು ನಾನೂ ಕೈ ಸೇರಿಸಿದೆ.

ಅವರು ನನಗೊಂದು ಕೊಕೇಶಿ ಕೊಟ್ಟರು. ಕೈಕಾಲಿಲ್ಲದ, ಚರಕಿಯಲ್ಲಿ ಕಡೆದ ಮರದ ಗೊಂಬೆ. ಉತ್ತರದ ತೋಹೊಕು ಸೀಮೆಯ ಬಿಸಿನೀರಿನ ಬುಗ್ಗೆಯ ಊರುಗಳಲ್ಲಿ ಹುಟ್ಟಿದ್ದು. ನಾರುಕೊ ಊರಿನದಾದ್ದರಿಂದ ತಲೆ ತಿರುಗಿಸಿದರೆ ಕೀ ಕೀ ಅನ್ನುತ್ತದೆ. ನನ್ನ ಹತ್ತಿರ ಇದ್ದ ಚನ್ನಪಟ್ಟಣದ ಗೊಂಬೆಯನ್ನು ಅದರ ಪಕ್ಕ ನಿಲ್ಲಿಸಿದೆ. ಅಕ್ಕತಂಗಿಯರ ಹಾಗಿದ್ದವು. ಬಾವಾಸ್ ಮಿಯಾನ್ ಅವರು ಜಪಾನಿನವರ ಗೊಂಬೆ ಮಾಡುವ ವಿಧಾನ ಕಲಿತು ಚನ್ನಪಟ್ಟಣದವರಿಗೆ ಕಲಿಸಿದರು ಅಂತ ಅಲ್ಲಿ ಹೇಳುತ್ತಾರೆ. ಚರಕಿ ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು. ಇದನ್ನೆಲ್ಲ ಅಜ್ಜಿಗೆ ನನ್ನ ಅರೆಬರೆ ಜಪಾನಿ ಭಾಷೆಯಲ್ಲಿ ಹೇಳಿದೆ. ಚನ್ನಪಟ್ಟಣದ ಗೊಂಬೆ ಈಗ ಅವರ ಮನೆಯಲ್ಲಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ತ್ಸುಯು ಅಂತಾರೆ, ಜುಲೈ ನಡುವಿನ ತನಕ ಇರುತ್ತದೆ. ಒಂದು ದಿನ ಪೆಟ್ಟಿಗೆ ಸರಿಸಿದರೆ ಕೆಳಗೆ ಚಾಪೆ ಮೇಲೆ ನಸು ಹಸಿರು ಪುಡಿ. ಬೂಷ್ಟು. ಹೊಸ ಹುಲ್ಲಿಗೆ ಮೊದಲ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ. ಅಮ್ಮನಿಗೆ ವೀಡಿಯೊ ಕಾಲ್ ಮಾಡಿದೆ. ಮಲೆನಾಡಿನವಳಿಗೆ ಬೂಷ್ಟಿನ ಬಗ್ಗೆ ಪಾಠ ಬೇಕಿಲ್ಲ. “ಒದ್ದೆ ಬಟ್ಟೆ ಮುಟ್ಟಿಸಬೇಡ ಕಣೇ. ಒಣಗಿಸು, ಆಮೇಲೆ ಬ್ರಶ್ಶಲ್ಲಿ ಉಜ್ಜು. ನೆಲಕ್ಕೆ ಅಂಟಿಸಿ ಏನೂ ಇಡಬೇಡ, ಗಾಳಿ ಆಡ್ಲಿ.” ಇಲ್ಲಿನವರೂ ಅದನ್ನೇ ಹೇಳುತ್ತಾರೆ. ತೇವ ಹೀರುವ ಯಂತ್ರ ಹಾಕಿ, ನೇಯ್ಗೆಯ ಉದ್ದಕ್ಕೆ ಬ್ರಶ್ ಆಡಿಸಿ, ಕೊನೆಗೆ ಆಲ್ಕೊಹಾಲ್ ಒರೆಸಿದೆ. ಪೆಟ್ಟಿಗೆಯ ಕೆಳಗೆ ಎರಡು ಪಟ್ಟಿ ಇಟ್ಟು ಎತ್ತರಿಸಿದೆ. ಮತ್ತೆ ಬರಲಿಲ್ಲ.

ಬೇಸಿಗೆಗೆ ಬಾಲ್ಕನಿಗೆ ಸುದಾರೆ ಎಂಬ ಬಿದಿರಿನ ಪರದೆ, ಅದರ ಪಕ್ಕ ಗಾಳಿಗೆ ಆಡುವ ಗಾಜಿನ ಪುಟ್ಟ ಗಂಟೆ. ನಮ್ಮ ಎದೊಗಾವಾ ವಾರ್ಡಿನಲ್ಲೇ ಊದಿ ಮಾಡುವ ಗಂಟೆ ಅದು. ಚಿತ್ರವನ್ನು ಗಾಜಿನ ಒಳಗಿನಿಂದ ಬರೆಯುತ್ತಾರೆ. ಬಾಯಿಯ ಅಂಚನ್ನು ನಯ ಮಾಡದೆ ಗರಗಸದ ಹಾಗೆ ಬಿಟ್ಟಿರುತ್ತಾರೆ, ನಾದ ಬರುವುದು ಅದು ತಾಗಿದಾಗಲೇ.

ಸೆಪ್ಟೆಂಬರ್ ಕೊನೆಗೆ ಅಮ್ಮ ಬಂದಳು. ಅವಳಿಗೆ ಮೊಣಕಾಲು ನೋವು. ನೆಲದ ಕೋಣೆ ಮಾಡುವ ಹುರುಪಿನಲ್ಲಿ ನಾನು ಇದನ್ನು ಯೋಚಿಸಿರಲೇ ಇಲ್ಲ. ಕಾಲಿಲ್ಲದ, ಬೆನ್ನು ಒರಗಿಸುವ ಜಾಇಸು ಎಂಬ ಕುರ್ಚಿ ಕೊಂಡಿದ್ದೆ, ಅದರಲ್ಲಿ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. ಪಕ್ಕದ ಅಜ್ಜಿಯ ಮನೆಯಲ್ಲಿ ಒಂದು ಕುಳ್ಳ ಕುರ್ಚಿ ಇತ್ತು. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಕೆಳಗೆ ಪಟ್ಟಿ ಜೋಡಿಸಿದ್ದು, ಜಾರುಬಂಡಿಯ ಅಡಿಯ ಹಾಗೆ. ಭಾರ ಹಂಚಿಹೋಗುವುದರಿಂದ ಚಾಪೆಗೆ ಗುಳಿ ಬೀಳುವುದಿಲ್ಲ. ಅಂಥದ್ದೇ ಹುಡುಕಿ ತಂದೆವು. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಕೊಳ್ಳಬೇಕಾದದ್ದು ಇದೇ. ಉಳಿದದ್ದೆಲ್ಲ ಆಮೇಲೆ. ಅಮ್ಮ ಅದರಲ್ಲಿ ಕೂತು ಅಂಗಾಲನ್ನು ಚಾಪೆಗೆ ಉಜ್ಜಿ, “ಹಿತವಾಗಿದೆ ಕಣೇ” ಅಂದಳು. ವರ್ಷವಿಡೀ ಬಂದವರು ಹೊಗಳಿದ್ದು ಒಂದು ಕಡೆ, ಅದೊಂದು ಮಾತು ಒಂದು ಕಡೆ.

ದಸರಾಕ್ಕೆ ಅಮ್ಮ ಊರಿನಿಂದ ಪಟ್ಟದ ಗೊಂಬೆ ತಂದಿದ್ದಳು, ಸೀರೆಯ ನಡುವೆ ಸುತ್ತಿ. ಮೆಟ್ಟಿಲಿಗೆ ಏನು ಮಾಡುವುದು ಅಂತ ನೋಡುವಾಗ ಅಜ್ಜಿ ತಮ್ಮ ಏಳು ಮೆಟ್ಟಿಲಿನ ಚೌಕಟ್ಟನ್ನೂ ಕೆಂಪು ಬಟ್ಟೆಯನ್ನೂ ಕೊಟ್ಟು ಕಳಿಸಿದರು. ಶೋಜಿಯ ಮುಂದೆ ಅದನ್ನು ನಿಲ್ಲಿಸಿದೆವು. ಮೇಲೆ ರಾಜ, ರಾಣಿ. ಅವರ ಕೆಳಗೆ ಮಗಳು ನಾರುಕೊದ ಕೊಕೇಶಿಯನ್ನು ಇಟ್ಟು ತಲೆ ತಿರುಗಿಸಿ ಕೀ ಅನ್ನಿಸಿದಳು. ಇವರು ಬಟ್ಟೆಯ ನೆರಿಗೆ ಸರಿಮಾಡುತ್ತಿದ್ದರು. ಅಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೆಳಗೆ ಬಗ್ಗಿ ನೋಡಿ, “ಕಾಲಿನ ಅಡಿಗೆ ಹಲಗೆ ಇಟ್ಯಾ?” ಅಂದಳು. ಒಂದಕ್ಕೆ ಇಟ್ಟಿರಲಿಲ್ಲ. ಇವರು ಚೌಕಟ್ಟನ್ನು ಮೆಲ್ಲಗೆ ಎತ್ತಿ ಹಿಡಿದರು, ನಾನು ಹಲಗೆ ತೂರಿಸಿದೆ.